ಬಿಜಾಪುರವನ್ನು ಪಾಲಿಗೆ ಪಡೆದ ರಾಜಕುಮಾರ

(ಮಧುವನಹಳ್ಳಿಯಲ್ಲಿ ಮಿಲ್ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮಧುವನಹಳ್ಳಿಗೂ ಮೊಗಲರ ರಾಜಕುಮಾರನಿಗೂ ಏನಯ್ಯಾ ನಂಟು ಎಂದು ಸಭೆ ಸೇರುವ ಮುಂಚೆಯೇ ಇಬ್ಬರು ಮೂವರು ಕೇಳಿಬಿಟ್ಟರು. ಕೇಳಿದ್ದು ಸರಿ. ನೇರವಾದ ನಂಟು ಏನೂ ಇಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗುವ ನಮ್ಮ ಈ ಹಾದಿಯಲ್ಲಿ ಅವನ ಕುದುರೆ ಓಡಿದ್ದಿಲ್ಲ. ಅವನು ಹುಟ್ಟಿದ್ದು ದೆಹಲಿಯಲ್ಲಿ, ಸತ್ತದ್ದು ಹೈದರಾಬಾದಿನ ಹೊರಗೆ. ಆದರೆ ನಡುವೆ ಸುಮಾರು ಎರಡು ವರ್ಷ ಕಾಲ ಅವನು ಮೊದಲು ಬಿಜಾಪುರದ ಸುಬೇದಾರನಾಗಿ, ಆಮೇಲೆ ತಾನೇ ಬಾದಶಹನೆಂದು ಸಾರಿಕೊಂಡು, ಕನ್ನಡ ನಾಡಿನ ಒಂದು ದೊಡ್ಡ ಭಾಗದ ಮೇಲೆ ಹುಕುಂ ನಡೆಸಿದ. ಅವನ ಹೆಸರು ಕಾಮಬಕ್ಷ. ಔರಂಗಜೇಬನ ಕೊನೆಯ ಮಗ.

ನಾವು ಶಾಲೆಯಲ್ಲಿ ಮೇಷ್ಟ್ರ ಕೆಲಸದಲ್ಲಿದ್ದಾಗ ಔರಂಗಜೇಬನ ಮರಣದವರೆಗೆ ಪಾಠ ಹೇಳಿ ಪುಟ ತಿರುಗಿಸಿದರೆ ಮುಂದಿನದು ಇಂಗ್ಲಿಷರ ಕಂಪೆನಿ. ಕಾಮಬಕ್ಷನಿಗೆ ಪುಸ್ತಕದಲ್ಲಿ ಅರ್ಧ ಸಾಲು. ಒಂದು ಅಂಕದ ಪ್ರಶ್ನೆಗೂ ಅವನು ಬರುತ್ತಿರಲಿಲ್ಲ. ಗೆದ್ದವರ ಚರಿತ್ರೆಯನ್ನು ಬರೆಯುವವರು ಬಹಳ ಮಂದಿ ಇರುತ್ತಾರೆ. ಆದರೆ ರಾಜ್ಯವಾಳುವ ಯಂತ್ರದ ಮುಚ್ಚಳ ತೆಗೆದು ಒಳಗಿನ ಚಕ್ರಗಳನ್ನು ನೋಡಬೇಕಾದರೆ ಸೋತವನ ಕಥೆಯೇ ಬೇಕು. ಮಿಲ್ಲಿನಲ್ಲಿ ದುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಂತ್ರ ಓಡುತ್ತಿರುವಾಗ ಏನೂ ಕಾಣಿಸದು. ಕೆಟ್ಟು ನಿಂತಾಗಲೇ ಯಾವ ಹಲ್ಲು ಯಾವುದಕ್ಕೆ ಕಚ್ಚಿಕೊಂಡಿತ್ತೆಂದು ತಿಳಿಯುವುದು.

ಮೊದಲು ಸುಬೇದಾರನೆಂದರೆ ಯಾರೆಂಬುದನ್ನು ಹೇಳಿಬಿಡುತ್ತೇವೆ. ಅಕ್ಬರ್ ಬಾದಶಹ 1580ರಲ್ಲಿ ತನ್ನ ರಾಜ್ಯವನ್ನು 12 ಸುಬಾಗಳಾಗಿ ವಿಂಗಡಿಸಿದ. ಪ್ರತಿ ಸುಬಾಕ್ಕೂ ಒಬ್ಬ ಸುಬೇದಾರ. ದಂಡು, ಕೋಟೆ, ಅಪರಾಧಗಳ ವಿಚಾರಣೆ ಅವನ ಕೈಯಲ್ಲಿ. ಕಂದಾಯದ ಲೆಕ್ಕ ಮಾತ್ರ ಅವನ ಕೈಯಲ್ಲಿಲ್ಲ. ಅದಕ್ಕೆ ದಿವಾನನೆಂಬ ಬೇರೆ ಅಧಿಕಾರಿ. ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಬಾದಶಹನಿಗೆ ವರದಿ ಕಳಿಸುತ್ತಿರಬೇಕು. ಅಂಗಡಿಯ ಯಜಮಾನ ಗಲ್ಲಾಪೆಟ್ಟಿಗೆಗೆ ಒಬ್ಬನನ್ನೂ ಉಗ್ರಾಣದ ಬೀಗಕ್ಕೆ ಇನ್ನೊಬ್ಬನನ್ನೂ ಇಟ್ಟ ಹಾಗೆ. ಏರ್ಪಾಟು ಜಾಣತನದ್ದೇ. ಆದರೆ ಸುಬೇದಾರನ ಸ್ಥಾನಕ್ಕೆ ಯಜಮಾನನ ಮಗನೇ ಬಂದು ಕುಳಿತರೆ ಅವನನ್ನು ಪ್ರಶ್ನಿಸುವವರು ಯಾರು? ನಮ್ಮ ಕಥೆಯ ಗಂಟು ಇಲ್ಲಿಯೇ ಇದೆ.

ಕಾಮಬಕ್ಷ ಹುಟ್ಟಿದ್ದು 1667ರ ಮಾರ್ಚಿಯಲ್ಲಿ. ತಾಯಿ ಉದಯಪುರಿ ಮಹಲ್. ಈಕೆ ಮೊದಲು ಔರಂಗಜೇಬನ ಅಣ್ಣ ದಾರಾ ಶಿಕೋಹನ ಅಂತಃಪುರದಲ್ಲಿ ದಾಸಿಯಾಗಿದ್ದವಳೆಂದು ಆ ಕಾಲದಲ್ಲಿ ಇಲ್ಲಿಯೇ ಬಾಳಿದ ಇಟಲಿಯ ಮನುಚಿ ಬರೆದಿಟ್ಟಿದ್ದಾನೆ. ದಾರಾನನ್ನು ತಮ್ಮ ಕೊಲ್ಲಿಸಿದ. ಸೊತ್ತಿನ ಜತೆಗೆ ಆಕೆಯೂ ಕೈ ಬದಲಾದಳು. ಮಗನಿಗೆ ಇಟ್ಟ ಹೆಸರಿಗೆ ಅರ್ಥ, ಇಷ್ಟಾರ್ಥವನ್ನು ಕೊಡುವವನು ಎಂದು. ತಂದೆಗೆ ಆಗ 48 ವರ್ಷ. ಮುಪ್ಪಿನಲ್ಲಿ ಬಂದ ಮಗನ ಮೇಲೆ ಮುದ್ದು ಸಹಜ.

ಆದರೆ ಆ ಮನೆಯ ಮುದ್ದು ಎಂಥದು ನೋಡಿ. ಔರಂಗಜೇಬನ ತಂದೆ ಷಹಜಹಾನ್ 1658ರಿಂದ ಸಾಯುವವರೆಗೆ, ಎಂದರೆ 1666ರವರೆಗೆ, ಆಗ್ರಾ ಕೋಟೆಯಲ್ಲಿ ಮಗನ ಸೆರೆಯಾಳು. ಅಣ್ಣ ದಾರಾ 1659ರಲ್ಲಿ, ತಮ್ಮ ಮುರಾದ್ 1661ರಲ್ಲಿ ಕೊಲೆಗೀಡಾದರು. ಇನ್ನು ಔರಂಗಜೇಬನ ಐವರು ಗಂಡುಮಕ್ಕಳು. ಹಿರಿಯ ಮುಹಮ್ಮದ್ ಸುಲ್ತಾನ್ ಬಹಳ ವರ್ಷ ಸೆರೆಯಲ್ಲಿ ಕಳೆದು 1676ರಲ್ಲಿ ತೀರಿಕೊಂಡ. ಎರಡನೆಯ ಮುಅಜ್ಜಮನನ್ನು 1687ರಲ್ಲಿ, ಗೋಲ್ಕೊಂಡದ ಸುಲ್ತಾನನೊಡನೆ ಒಳಗೊಳಗೇ ಮಾತುಕತೆ ನಡೆಸಿದನೆಂದು, ಮಕ್ಕಳ ಸಮೇತ ಸೆರೆಗೆ ಹಾಕಿದರು, ಬಿಡುಗಡೆ 1695ರಲ್ಲಿ. ನಾಲ್ಕನೆಯ ಅಕ್ಬರ್ 1681ರಲ್ಲಿ ತಂದೆಯ ಮೇಲೆ ದಂಗೆಯೆದ್ದು, ಮರಾಠರ ಸಂಭಾಜಿಯ ಆಸರೆ ಪಡೆದು, ಕೊನೆಗೆ ಪರ್ಶಿಯಾಕ್ಕೆ ಓಡಿದ. ಮೂರನೆಯ ಆಜಮ್ ಒಬ್ಬ ಹೇಗೋ ಸೆರೆ ತಪ್ಪಿಸಿಕೊಂಡು ಬಾಳಿದ. ಕಾಮಬಕ್ಷ ಬೆಳೆದದ್ದು ಈ ಅಣ್ಣಂದಿರ ಗತಿಯನ್ನು ನೋಡುತ್ತ. ಗಾದಿ ಒಂದೇ, ಅದರ ಮೇಲೆ ಕೂರದವನಿಗೆ ಕತ್ತಿ ಇಲ್ಲವೆ ಕತ್ತಲೆ ಕೋಣೆ ಎಂಬುದನ್ನು ಹಾಲು ಕುಡಿಯುವಾಗಲೇ ಕಲಿತ ಹುಡುಗ ಅವನು.

ಅವನಿಗೆ 14 ವರ್ಷವಾದಾಗ ತಂದೆ ದಕ್ಷಿಣಕ್ಕೆ ದಂಡೆತ್ತಿ ಹೊರಟ. ಹೊರಟವನು ಉತ್ತರಕ್ಕೆ ಮತ್ತೆ ಹಿಂತಿರುಗಲೇ ಇಲ್ಲ. 1686ರ ಸೆಪ್ಟೆಂಬರ್ 12ರಂದು ಬಿಜಾಪುರ ಬಿತ್ತು. ಕೊನೆಯ ಆದಿಲಶಾಹಿ ಸುಲ್ತಾನ ಸಿಕಂದರ್ ಶರಣಾದ. ಮರುವರ್ಷ ಗೋಲ್ಕೊಂಡ ಬಿತ್ತು. ಬಿಜಾಪುರಕ್ಕೆ ಹೋದವರು ಮಲಿಕ್-ಎ-ಮೈದಾನ್ ಎಂಬ ಆ ಭಾರಿ ತೋಪಿನ ಮೇಲೆ ಔರಂಗಜೇಬ್ ಕೆತ್ತಿಸಿದ ವಿಜಯದ ಬರಹವನ್ನು ಇಂದಿಗೂ ನೋಡಬಹುದು. ಗೆದ್ದವನು ತೋಪಿನ ಮೇಲೆ ಬರೆಸಿದ. ಊರಿನವರ ಪಾಡನ್ನು ಬರೆಸಲು ತೋಪು ಇರಲಿಲ್ಲ. ಸುಲ್ತಾನನ ಮನೆಯನ್ನು ನಂಬಿದ್ದ ಕುಶಲಕರ್ಮಿ, ನೇಕಾರ, ಅತ್ತರಿನವ, ಕುದುರೆ ವ್ಯಾಪಾರಿ ಎಲ್ಲರ ಗಿರಾಕಿಯೂ ಒಂದೇ ದಿನದಲ್ಲಿ ಹೋದ. ಎರಡು ವರ್ಷ ಕಳೆದ ಮೇಲೆ, 1688ರ ಕೊನೆಯಲ್ಲಿ, ಊರಿಗೆ ಪ್ಲೇಗು ಬಂತು. ಬಾದಶಹನ ಪತ್ನಿಯೊಬ್ಬಳೇ ಅದಕ್ಕೆ ಬಲಿಯಾದಳೆಂದ ಮೇಲೆ ಬೀದಿಯ ಜನರನ್ನು ಎಣಿಸಿದವರು ಯಾರು?

ಇನ್ನು ಬಾದಶಹನ ಪಾಳೆಯದ ಸಂಗತಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇವೆ, ವ್ಯಾಪಾರಸ್ಥರು ಕಿವಿಗೊಡಬೇಕು. ಕೃಷ್ಣಾ ತೀರದಲ್ಲಿ ಗಲಗಲಿ ಎಂಬ ಊರಿದೆ, ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ. ಅಲ್ಲಿ ಔರಂಗಜೇಬ್ ವರ್ಷಗಟ್ಟಲೆ ಡೇರೆ ಹಾಕಿದ್ದ. 1695ರಲ್ಲಿ ಇಟಲಿಯಿಂದ ಪ್ರಪಂಚ ಸುತ್ತಲು ಹೊರಟ ಕರೇರಿ ಎಂಬವನು ಅಲ್ಲಿಗೆ ಬಂದು ಬಾದಶಹನನ್ನು ಕಂಡ. ಪಾಳೆಯದ ಸುತ್ತಳತೆ 30 ಮೈಲಿ, ಅದರೊಳಗೆ 250 ಬಜಾರುಗಳೆಂದು ಅವನು ಬರೆದಿದ್ದಾನೆ. ದೆಹಲಿಯಂಥ ಒಂದು ಪಟ್ಟಣವೇ ನಮ್ಮ ಜೋಳದ ಸೀಮೆಗೆ ಬಂದು ಕೂತ ಹಾಗಾಯಿತು. ಈ ಪಟ್ಟಣ ನೂಲುವುದಿಲ್ಲ, ನೇಯುವುದಿಲ್ಲ, ಬಿತ್ತುವುದಿಲ್ಲ. ತಿನ್ನುತ್ತದೆ. ಬಣಜಾರರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂದರೆ ಊಟ, ಬಾರದಿದ್ದರೆ ಉಪವಾಸ. ಸುತ್ತಲಿನ ಮೇವು, ಸೌದೆ, ಕಾಳು ಎಲ್ಲವೂ ಅದರ ಹೊಟ್ಟೆಗೆ. ಈ ಯುದ್ಧಗಳಲ್ಲಿ ವರ್ಷಕ್ಕೆ ಒಂದು ಲಕ್ಷ ಜನ ಸತ್ತರೆಂದು ಮನುಚಿ ಅಂದಾಜು ಮಾಡಿದ್ದಾನೆ. ಅವನು ತಲೆ ಎಣಿಸಿ ಬರೆದದ್ದಲ್ಲ, ಆದ್ದರಿಂದ ಅಂಕಿಯನ್ನು ಹಾಗೆಯೇ ನಂಬಬೇಕಾಗಿಲ್ಲ. ಕಣ್ಣಾರೆ ಕಂಡವನೊಬ್ಬನಿಗೆ ಅಷ್ಟು ತೋರಿತೆಂಬುದು ನಿಜ.

ಸಂಬಳದ ಸಂಗತಿಯನ್ನೂ ಕೇಳಿ. ಮೊಗಲ ಸರದಾರರಲ್ಲಿ ಬಹಳ ಮಂದಿಗೆ ಸಂಬಳ ನಗದಾಗಿ ಬರುತ್ತಿರಲಿಲ್ಲ. ಇಂತಿಂಥ ಹಳ್ಳಿಗಳ ಕಂದಾಯವನ್ನು ನೀನೇ ಎತ್ತಿಕೋ ಎಂಬ ಬರಹ ಸಿಗುತ್ತಿತ್ತು, ಅದೇ ಜಾಗೀರು. ಅವನು ಆ ದುಡ್ಡಿನಿಂದ ತನ್ನ ಕುದುರೆ ಸವಾರರಿಗೆ ಕೂಲಿ ಕೊಡಬೇಕು. ಹಳ್ಳಿ ಸುಟ್ಟುಹೋಗಿದ್ದರೆ? ರೈತ ಓಡಿಹೋಗಿದ್ದರೆ? ಮರಾಠರು ಮೊದಲೇ ಬಂದು ಚೌತ್ ಎತ್ತಿಕೊಂಡು ಹೋಗಿದ್ದರೆ? ಕಾಗದದ ಮೇಲೆ 12 ತಿಂಗಳ ಸಂಬಳ, ಕೈಗೆ ಬಂದದ್ದು ಆರು ತಿಂಗಳದ್ದು, ಕೆಲವು ಕಡೆ ಅದಕ್ಕೂ ಕಡಿಮೆ. ಇದು ಎಷ್ಟು ಮಾಮೂಲಾಗಿತ್ತೆಂದರೆ ಸರಕಾರದ ಲೆಕ್ಕದಲ್ಲಿಯೇ ಇದು ಆರು ತಿಂಗಳ ಜಾಗೀರು, ಇದು ನಾಲ್ಕು ತಿಂಗಳದ್ದು ಎಂದು ನಮೂದಿಸುವ ಪದ್ಧತಿ ಇತ್ತು. ಚೀಟಿಯ ಮೇಲೆ ಪೂರ್ತಿ, ಕೈಯಲ್ಲಿ ಅರ್ಧ! ಸರದಾರ ಸವಾರನಿಗೆ ತಡಮಾಡಿದ, ಸವಾರ ಪಾಳೆಯದ ಅಂಗಡಿಯವನಿಗೆ ಸಾಲ ಹೇಳಿದ, ಅಂಗಡಿಯವನು ಬಣಜಾರನಿಗೆ ಕೈ ತೋರಿಸಿದ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಉದ್ರಿ ವ್ಯವಹಾರ ಕಂಡವರಿಗೆ ಈ ಸರಪಣಿ ಹೇಗಿರುತ್ತದೆಂದು ಗೊತ್ತು.

ಇಂಥ ದಂಡಿನ ಮೇಲೆ ರಾಜಕುಮಾರ ಕಾಮಬಕ್ಷನನ್ನು ಮೊಟ್ಟಮೊದಲು ದೊಡ್ಡ ಹೊಣೆ ಹೊರಿಸಿ ಕಳಿಸಿದ್ದು ಜಿಂಜಿ ಕೋಟೆಗೆ. ಅದು ತಮಿಳು ನಾಡಿನಲ್ಲಿದೆ. ಮೂರು ಬೆಟ್ಟಗಳನ್ನು ಸುತ್ತಿ ಕಟ್ಟಿದ ಕೋಟೆ. ಶಿವಾಜಿಯ ಮಗ ರಾಜಾರಾಮ 1689ರಲ್ಲಿ ಮಹಾರಾಷ್ಟ್ರದಿಂದ ತಪ್ಪಿಸಿಕೊಂಡು, ದಾರಿಯಲ್ಲಿ ನಮ್ಮ ಕೆಳದಿಯ ಚೆನ್ನಮ್ಮಾಜಿಯ ನೆರವು ಪಡೆದು, ಅಲ್ಲಿ ಸೇರಿಕೊಂಡಿದ್ದ. ಅವನನ್ನು ಹಿಡಿಯಲು 1690ರಲ್ಲಿ ಜುಲ್ಫಿಕಾರ್ ಖಾನ್ ಹೋದ. ಆಗಲಿಲ್ಲ. 1691ರ ಕೊನೆಯಲ್ಲಿ ಅವನ ತಂದೆ, ವಜೀರ ಅಸದ್ ಖಾನನೂ ರಾಜಕುಮಾರನೂ ಹೋಗಿ ಕೂಡಿಕೊಂಡರು. ಹೆಸರಿಗೆ ದಂಡನಾಯಕ ಇಪ್ಪತ್ತನಾಲ್ಕರ ರಾಜಕುಮಾರ. ಕೆಲಸ ನಡೆಸುವವರು ತಂದೆ ಮಗ ಇಬ್ಬರು. ಮಾಲೀಕನ ಮಗ ಬಂದು ಹಳೆಯ ಮೇಸ್ತ್ರಿಗಳ ನಡುವೆ ಕುರ್ಚಿ ಹಾಕಿ ಕುಳಿತರೆ ಏನಾಗುತ್ತದೋ ಅದೇ ಆಯಿತು. ಅವರು ಇವನನ್ನು ಲೆಕ್ಕಕ್ಕೆ ಇಡಲಿಲ್ಲ, ಇವನು ಅವರನ್ನು ನಂಬಲಿಲ್ಲ.

ಮರುವರ್ಷ ಡಿಸೆಂಬರಿನಲ್ಲಿ ಸಂತಾಜಿ ಘೋರ್ಪಡೆ, ಧನಾಜಿ ಜಾಧವ ಎಂಬ ಮರಾಠ ಸೇನಾನಿಗಳು ಬಂದು, ಮುತ್ತಿಗೆ ಹಾಕಿದವರಿಗೇ ಮುತ್ತಿಗೆ ಹಾಕಿದರು. ಗಲಗಲಿಯಿಂದ ಸುದ್ದಿ ಬರುವುದು ನಿಂತಿತು. ಬಾದಶಹ ಸತ್ತನಂತೆ ಎಂಬ ಗಾಳಿಮಾತು ಹಬ್ಬಿತು. ತಂದೆ ಸತ್ತಿದ್ದರೆ ಗಾದಿಗಾಗಿ ಕಾಳಗ. ಅಸದ್ ಖಾನ್ ಮತ್ತು ಅವನ ಮಗ ಯಾವ ಅಣ್ಣನ ಕಡೆಗೆ ಹೋಗುತ್ತಾರೋ, ಹೋಗುವ ಮುಂಚೆ ತನ್ನನ್ನು ಏನು ಮಾಡುತ್ತಾರೋ! ರಾಜಕುಮಾರನ ನಿದ್ರೆ ಹಾರಿತು. ಅವನು ಕೋಟೆಯೊಳಗಿನ ರಾಜಾರಾಮನಿಗೇ ಗುಟ್ಟಾಗಿ ಮಾತು ಕಳಿಸಿದ. ಹಿಡಿಯಲು ಬಂದವನು, ಯಾರನ್ನು ಹಿಡಿಯಬೇಕಾಗಿತ್ತೋ ಅವನ ಬಳಿಯೇ ಅಡಗಲು ಹೊರಟ. ಸುಳಿವು ಸಿಕ್ಕಿತು. ಅಸದ್ ಖಾನನೂ ಜುಲ್ಫಿಕಾರನೂ ರಾಜಕುಮಾರನ ಡೇರೆಗೆ ನುಗ್ಗಿ ಅವನನ್ನೇ ಸೆರೆಹಿಡಿದರು. ಬಾದಶಹನ ಸೇವಕರು ಬಾದಶಹನ ಮಗನನ್ನು ಕಾವಲಲ್ಲಿಟ್ಟು, ಧಾನ್ಯಕ್ಕಾಗಿ ವಂದವಾಸಿಯ ಕಡೆಗೆ ನೋಡುತ್ತ, ಕೊನೆಗೆ 1693ರ ಜನವರಿಯಲ್ಲಿ ಮುತ್ತಿಗೆ ತೆಗೆದು ಅಲ್ಲಿಗೇ ಹಿಮ್ಮೆಟ್ಟಿದರು. ಈ ಪಾಳೆಯದಲ್ಲಿದ್ದವರಲ್ಲಿ ಭೀಮಸೇನನೆಂಬ ಗುಮಾಸ್ತ ಒಬ್ಬ. ಮೊಗಲರ ಪರ ಹೋರಾಡುತ್ತಿದ್ದ ದಳಪತ್ ರಾವ್ ಬುಂದೇಲನ ಬಳಿ ಅವನ ಕೆಲಸ. ಆ ಕಾಲದ ಕಷ್ಟಗಳನ್ನು ಅವನು ಪಾರಸಿಯಲ್ಲಿ ಬರೆದಿಟ್ಟದ್ದರಿಂದಲೇ ಡೇರೆಗಳ ಒಳಗಿನ ಮಾತು ನಮ್ಮವರೆಗೆ ಬಂದಿದೆ.

ಇಲ್ಲಿ ಒಂದು ಮಾತು. ಈ ಇತಿಹಾಸವನ್ನೆಲ್ಲ ಎರಡು ಮತಗಳ ಜಗಳವೆಂದು ಹೇಳುವವರು ನಿಮ್ಮ ಬಳಿಗೂ ಬರುತ್ತಾರೆ. ಅವರನ್ನು ಕೇಳಿ: ಬುಂದೇಲರ ದಳಪತ್ ರಾವ್ ಯಾರ ಪರ ಕತ್ತಿ ಹಿಡಿದಿದ್ದ? ಔರಂಗಜೇಬನ ಮಗ ಯಾರ ಕೋಟೆಯಲ್ಲಿ ಆಸರೆ ಹುಡುಕಿದ? ಉತ್ತರ ಹೇಳುವುದು ಅವರಿಗೆ ಬಿಟ್ಟದ್ದು.

1693ರ ಜೂನಿನಲ್ಲಿ ಗಲಗಲಿಯಲ್ಲಿ ಕಾಮಬಕ್ಷನನ್ನು ತಂದೆಯೆದುರು ನಿಲ್ಲಿಸಿದರು. ಅಕ್ಕ ಜೀನತ್-ಉನ್-ನಿಸಾ ನಡುವೆ ನಿಂತಳು. ತಂದೆ ಕ್ಷಮಿಸಿದ. ಬೇರೆ ಮಕ್ಕಳಿಗೆ ಸಿಗದ ಕ್ಷಮೆ ಇವನಿಗೆ ಸಿಕ್ಕಿತು. ಕೆಲವು ವರ್ಷಗಳ ನಂತರ ಇನ್ನೊಂದು ಪ್ರಸಂಗ. ರಾಜಕುಮಾರನಿಗೆ ಒಬ್ಬ ಹಾಲುಸೋದರನಿದ್ದ, ಎಂದರೆ ಅವನಿಗೆ ಹಾಲೂಡಿದ ದಾದಿಯ ಮಗ. ಅವನ ಮೇಲೆ ಕೊಲೆಯ ಸಂಚಿನ ಆಪಾದನೆ ಬಂತು. ವಿಚಾರಣೆಗೆ ಒಪ್ಪಿಸೆಂದು ತಂದೆ ಹೇಳಿದರೂ ಕಾಮಬಕ್ಷ ಬಿಟ್ಟುಕೊಡಲಿಲ್ಲ. ಅದಕ್ಕಾಗಿ ತಾನೂ ಸೆರೆ ಕಂಡ. ಇದನ್ನು ಏಕೆ ಹೇಳುತ್ತಿದ್ದೇವೆಂದರೆ, ಇವನು ಹುಟ್ಟಿನಿಂದಲೇ ಕ್ರೂರಿಯೆಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ದಾದಿಯ ಮಗನಿಗಾಗಿ ಬಾದಶಹನನ್ನು ಎದುರು ಹಾಕಿಕೊಂಡವನೂ ಇವನೇ.

ಇತ್ತ ಯುದ್ಧ ಮುಗಿಯಲೇ ಇಲ್ಲ. 1698ರಲ್ಲಿ ಜಿಂಜಿ ಬಿತ್ತು, ರಾಜಾರಾಮ ಸಿಗಲಿಲ್ಲ. ಔರಂಗಜೇಬ್ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ, ಸುರಪುರ ಸೀಮೆಯ ವಾಗಣಗೇರಾ ಕೋಟೆಗೆ. ಬೇಡರ ಪಿಡ್ಡನಾಯಕನ ಮೇಲೆ. ಬಾದಶಹನಿಗೆ ಎಂಬತ್ತಾರು ದಾಟಿತ್ತು. ಸುಮಾರು ಮೂರು ತಿಂಗಳಲ್ಲಿ ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಹತ್ತಿರದ ದೇವಾಪುರದಲ್ಲಿ ಬಾದಶಹ ಕಾಯಿಲೆ ಬಿದ್ದ. ಡೋಲಿಯಲ್ಲಿ ಅಹಮದನಗರಕ್ಕೆ ಒಯ್ದರು.

ಅಲ್ಲಿ 1707ರ ಫೆಬ್ರವರಿಯಲ್ಲಿ, ಸಾವು ಹತ್ತಿರ ಬಂತೆಂದು ತಿಳಿದು, ಕಾಮಬಕ್ಷನನ್ನು ಬಿಜಾಪುರದ ಸುಬೇದಾರನನ್ನಾಗಿ ಮಾಡಿ ಕಳಿಸಿಬಿಟ್ಟ. ಆಜಮನನ್ನು ಮಾಳವಕ್ಕೆ ಕಳಿಸಿದ. ಇಬ್ಬರೂ ಒಂದೇ ಪಾಳೆಯದಲ್ಲಿದ್ದರೆ ತನ್ನ ಹೆಣದ ಮುಂದೆಯೇ ಕಿರಿಯವನ ಕುತ್ತಿಗೆ ಹೋಗುವುದೆಂಬ ಭಯ. ಎಂದರೆ ಬಿಜಾಪುರದ ಸುಬೇದಾರಿ ಕೊಟ್ಟದ್ದು ಬಿಜಾಪುರಕ್ಕೆ ಒಬ್ಬ ಒಳ್ಳೆಯ ಆಡಳಿತಗಾರ ಬೇಕೆಂದಲ್ಲ, ಮಗನಿಗೆ ಅಡಗುದಾಣ ಬೇಕೆಂದು. ಮಾರ್ಚಿ 3ರಂದು ಮುದುಕ ಕಣ್ಣು ಮುಚ್ಚಿದ. ಅವನ ದಿಂಬಿನ ಕೆಳಗೆ ಸಿಕ್ಕಿತೆಂದು ಹೇಳುವ ಒಂದು ಉಯಿಲಿದೆ. ರಾಜ್ಯವನ್ನು ಮಕ್ಕಳು ಹಂಚಿಕೊಳ್ಳಲಿ, ಬಿಜಾಪುರ ಮತ್ತು ಹೈದರಾಬಾದಿನ ಸುಬಾಗಳು ಕಾಮಬಕ್ಷನಿಗಿರಲಿ ಎಂದು ಅದರ ಆಶಯ.

ನಮ್ಮ ಮನೆಗಳಲ್ಲೂ ಪಾಲಾಗುತ್ತದೆ. ಪಾತ್ರೆ ಪರಟಿ, ದನಕರು, ಎರಡೆಕರೆ ಹೊಲ, ಅಂಗಡಿಯ ಮಳಿಗೆ. ಪಾಲಿಗೆ ಪಂಚಾಯಿತರು ಕೂರುತ್ತಾರೆ, ಕಡೆಗೆ ಜಗಳವೂ ಆಗುತ್ತದೆ. ಇಲ್ಲಿ ಪಾಲಿಗೆ ಹಾಕಿದ್ದು ಹೊಲವನ್ನು, ಉಳುವವನ ಸಮೇತ. ಮಳಿಗೆಯನ್ನು, ವ್ಯಾಪಾರಿಯ ಸಮೇತ. ಗುಲ್ಬರ್ಗದ ಹತ್ತಿಯವನಿಗಾಗಲಿ ಬಿಜಾಪುರದ ನೇಕಾರನಿಗಾಗಲಿ ತಾನು ಯಾರ ಪಾಲಿಗೆ ಬಿದ್ದೆನೆಂಬುದು ತಿಳಿಯುತ್ತಿದ್ದದ್ದು ಬಹುಶಃ ಕೈಗೆ ಬಂದ ಹೊಸ ನಾಣ್ಯದ ಮೇಲಿನ ಹೆಸರಿನಿಂದ. ನಮ್ಮ ಮೈಸೂರು ಸೀಮೆಯಲ್ಲೂ ಇಂಥದೇ ನಡೆದಿತ್ತು. ಮೊಗಲರ ಕಾಸಿಂ ಖಾನ್ 1687ರಲ್ಲಿ ಬೆಂಗಳೂರನ್ನು ಹಿಡಿದ. ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಪೇಟೆ, ಕೋಟೆ, ಕೆರೆ, ಜನ ಎಲ್ಲ ಸೇರಿ ಮೂರು ಲಕ್ಷ.

ಬಿಜಾಪುರಕ್ಕೆ ಹೊರಟ ಕಾಮಬಕ್ಷ ಇನ್ನೂ ಊರು ಸೇರಿಲ್ಲ, ತಂದೆಯ ಸಾವಿನ ಸುದ್ದಿ ಮುಟ್ಟಿತು. ಜತೆಗಿದ್ದ ಮುಹಮ್ಮದ್ ಅಮೀನ್ ಖಾನ್ ತನ್ನ ಸೈನಿಕರನ್ನು ಕರೆದುಕೊ೦ಡು ಅರ್ಧ ದಾರಿಯಲ್ಲೇ ಆಜಮನ ಕಡೆಗೆ ಹೊರಟುಹೋದ. ಉಳಿದವರೊಂದಿಗೆ ಬಿಜಾಪುರ ಸೇರಿ ರಾಜಕುಮಾರ ಗಾದಿಯೇರಿದ. ದೀನ್ ಪನಾಹ್, ಎಂದರೆ ಧರ್ಮರಕ್ಷಕ, ಎಂಬ ಬಿರುದು ಧರಿಸಿ ತನ್ನ ಹೆಸರಿನಲ್ಲಿ ನಾಣ್ಯ ಹೊಡೆಸಿದ. ಹಕೀಮನೊಬ್ಬನನ್ನು ತಕರ್ರುಬ್ ಖಾನ್ ಎಂಬ ಹೆಸರಿನಿಂದ ವಜೀರನನ್ನಾಗಿ ಮಾಡಿದ. ದಂಡಿನ ಹೊಣೆ ಅಹ್ಸನ್ ಖಾನನದು, ಇವನು ಕೆಲಸಗಾರ. ಗುಲ್ಬರ್ಗ, ವಾಗಣಗೇರಾ ಕೈಸೇರಿದವು. ಮುಂದೆ ಹೈದರಾಬಾದಿನ ಅಧಿಕಾರಿ ರುಸ್ತುಂ ದಿಲ್ ಖಾನನೂ ಒಪ್ಪಿ ಬಂದ. ಒಂದು ವರ್ಷದೊಳಗೆ ಕೃಷ್ಣೆಯ ಎರಡೂ ಕಡೆ ಅವನ ಹುಕುಂ ನಡೆಯತೊಡಗಿತು.

ಉತ್ತರದಲ್ಲಿ ಅಷ್ಟರಲ್ಲಿ ಅಣ್ಣಂದಿರ ಲೆಕ್ಕ ತೀರಿತ್ತು. 1707ರ ಜೂನಿನಲ್ಲಿ ಆಗ್ರಾದ ಹತ್ತಿರ ಜಾಜೌ ಎಂಬಲ್ಲಿ ಮುಅಜ್ಜಮನಿಗೂ ಆಜಮನಿಗೂ ಕಾಳಗವಾಗಿ, ಆಜಮನೂ ಅವನ ಇಬ್ಬರು ಮಕ್ಕಳೂ ಸತ್ತರು. ದಳಪತ್ ರಾವ್ ಬುಂದೇಲ ಸತ್ತದ್ದೂ ಅಲ್ಲಿಯೇ. ಗೆದ್ದ ಮುಅಜ್ಜಮ್ ಬಹಾದುರ್ ಶಹ ಎನಿಸಿಕೊಂಡ. ಅರವತ್ತು ದಾಟಿದವನು, ಸೆರೆಮನೆ ಕಂಡವನು, ಸ್ವಭಾವದಲ್ಲಿ ಮೆತ್ತಗಿನವನು. ಅವನು ತಮ್ಮನಿಗೆ ಪತ್ರ ಕಳಿಸಿದ: ತಂದೆ ನಿನಗೆ ಬಿಜಾಪುರ ಕೊಟ್ಟಿದ್ದಾರೆ, ನಾವು ಹೈದರಾಬಾದನ್ನೂ ಸೇರಿಸಿ ಬಿಟ್ಟುಕೊಡುತ್ತೇವೆ, ಕಪ್ಪವನ್ನೂ ಕೇಳುವುದಿಲ್ಲ, ನಾಣ್ಯವೂ ಶುಕ್ರವಾರದ ಪ್ರಾರ್ಥನೆಯೂ ಮಾತ್ರ ನಮ್ಮ ಹೆಸರಿನಲ್ಲಿ ನಡೆಯಲಿ ಎಂದು. ಇದಕ್ಕಿಂತ ಹಗುರವಾದ ಷರತ್ತನ್ನು ಗೆದ್ದ ಅಣ್ಣನೊಬ್ಬ ಸೋಲುವ ತಮ್ಮನಿಗೆ ಆ ಮನೆತನದಲ್ಲಿ ಕೊಟ್ಟದ್ದನ್ನು ನಾವು ಓದಿಲ್ಲ.

ಕಾಮಬಕ್ಷ ಒಪ್ಪಲಿಲ್ಲ. ಮೂರ್ಖತನ ಎನ್ನುವಿರಿ. ಇರಬಹುದು. ಆದರೆ ಅವನ ಜಾಗದಲ್ಲಿ ನಿಂತು ನೋಡಿ: ಅಪ್ಪ ಅಜ್ಜನನ್ನು ಏನು ಮಾಡಿದ, ದೊಡ್ಡಪ್ಪನನ್ನು ಏನು ಮಾಡಿದ, ಅಣ್ಣ ಅಣ್ಣನನ್ನು ಜಾಜೌದಲ್ಲಿ ಏನು ಮಾಡಿದ? ಆ ಮನೆಯಲ್ಲಿ ಒಳ್ಳೆಯ ಮಾತಿನ ಪತ್ರವನ್ನು ನಂಬಿ ಕೆಟ್ಟವರು ಎಷ್ಟು ಮಂದಿ! ಬಾಗಿಲಿಗೆ ಬಂದ ನಿಜವಾದ ಸಂಧಾನವೂ ಅವನ ಕಣ್ಣಿಗೆ ಬಲೆಯಾಗಿಯೇ ಕಂಡಿತು. 1708ರಲ್ಲಿ ಅಣ್ಣನ ದೂತ ಬಂದ. ಇವನು ಗಾದಿ ಕೀಳಲು ಬಂದವನೆಂದು ವಜೀರ ತಕರ್ರುಬ್ ಖಾನ್ ಕಿವಿಯಲ್ಲಿ ಊದಿದ. ದೂತನನ್ನೂ ಅವನ ಪರಿವಾರವನ್ನೂ ಔತಣಕ್ಕೆ ಕರೆಸಿ ಕೊಲ್ಲಿಸಿಬಿಟ್ಟರು.

ಬೆಂಕಿ ಆಮೇಲೆ ಸ್ವಂತ ಮನೆಗೇ ಹೊತ್ತಿಕೊಂಡಿತು. ಅಹ್ಸನ್ ಖಾನ್, ರುಸ್ತುಂ ದಿಲ್ ಖಾನ್ ಮೊದಲಾದ ಸರದಾರರು ಆಗಾಗ ಒಂದು ಕಡೆ ಸೇರಿ ಮಾತಾಡುತ್ತಿದ್ದರು. ಅವರು ನಿನ್ನನ್ನು ಮುಗಿಸುವ ಯೋಚನೆಯಲ್ಲಿದ್ದಾರೆಂದು ಅದೇ ವಜೀರ ಹೇಳಿದ. ರುಸ್ತುಂ ದಿಲ್ ಖಾನನನ್ನು ಊಟಕ್ಕೆಂದು ಕರೆಸಿ, ದಾರಿಯಲ್ಲಿ ಹಿಡಿದು, ಆನೆಯ ಕಾಲಿಗೆ ಹಾಕಿದರು. ಸೈಫ್ ಖಾನ್ ಎಂಬವನು ರಾಜಕುಮಾರನಿಗೆ ಬಿಲ್ಲುವಿದ್ಯೆ ಕಲಿಸಿದ ಗುರು. ಅವನ ಕೈಗಳನ್ನು ಕತ್ತರಿಸಿದರು. ಇನ್ನೊಬ್ಬನ ನಾಲಗೆ ಹೋಯಿತು. ಅಹ್ಸನ್ ಖಾನನಿಗೆ ಅವನ ಗೆಳೆಯರು ಓಡಿಹೋಗೆಂದು ಹೇಳಿದ್ದರು. ಇಷ್ಟು ದುಡಿದವನಿಗೆ ಒಡೆಯ ಕೇಡು ಬಗೆಯುವನೇ ಎಂದು ಅವನು ಕದಲಲಿಲ್ಲ. ಸೆರೆಗೆ ಹಾಕಿ ಆಸ್ತಿಯೆಲ್ಲ ಕಸಿದುಕೊಂಡು ಕೊನೆಗಾಣಿಸಿದರು. ಹಾಲುಸೋದರನಿಗಾಗಿ ಸೆರೆ ಸೇರಿದ ಯುವಕ, ಹತ್ತು ವರ್ಷ ಕಳೆಯುವುದರಲ್ಲಿ ವಿದ್ಯೆ ಕಲಿಸಿದ ಗುರುವಿನ ಕೈ ಕಡಿಸುವವನಾಗಿದ್ದ. ಇದರಲ್ಲಿ ವಜೀರನ ಪಾಲು ದೊಡ್ಡದೆಂದು ಎಲ್ಲರೂ ಬರೆಯುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಚಾಡಿಕೋರರು ಎಲ್ಲ ದರಬಾರಿನಲ್ಲೂ ಇರುತ್ತಾರೆ, ಮಿಲ್ಲಿನ ಆಫೀಸಿನಲ್ಲೂ ಇರುತ್ತಾರೆ. ಆದರೆ ಚಾಡಿಯನ್ನು ಒರೆಹಚ್ಚಿ ನೋಡಲು ಒಂದು ವಿಚಾರಣೆ, ಎದುರುತ್ತರ ಹೇಳಲು ಆಪಾದಿತನಿಗೆ ಒಂದು ಅವಕಾಶ, ಇಲ್ಲವೆನ್ನುವ ಒಬ್ಬ ದಿವಾನ ಇದ್ದಿದ್ದರೆ ರುಸ್ತುಂ ದಿಲ್ ಖಾನ್ ಊಟ ಮುಗಿಸಿ ಮನೆಗೆ ಹೋಗುತ್ತಿದ್ದ. ಸುಬೇದಾರನಿಗೆ ಇದ್ದ ಅಡ್ಡಗೋಡೆಗಳನ್ನೆಲ್ಲ ಬಾದಶಹನೆಂಬ ಹೆಸರು ಕೆಡವಿಹಾಕಿತ್ತು.

ಸೈನಿಕರು ಸುಮ್ಮನೆ ನೋಡುತ್ತಿರಲಿಲ್ಲ. ಅವರಿಗೆ ಸಂಬಳ ಕೊಡಿಸಲು ವಾದಿಸುವ ಸರದಾರರೇ ಆನೆಯ ಕಾಲಿಗೆ ಹೋದ ಮೇಲೆ, ಬೊಕ್ಕಸವೂ ಬರಿದಾದ ಮೇಲೆ, ಅವರು ನಿಲ್ಲುವುದೇಕೆ? ರಾತ್ರಿ ರಾತ್ರಿ ಗುಂಪು ಗುಂಪಾಗಿ ಹೊರಟುಹೋದರು. ಇದನ್ನು ಸ್ವಾಮಿದ್ರೋಹವೆಂದು ಕರೆದ ಬರಹಗಾರರಿದ್ದಾರೆ. ಕೂಲಿ ಕೊಡದವನ ಗಿರಣಿಯನ್ನು ಬಿಟ್ಟು ಹೋದವನನ್ನು ದ್ರೋಹಿ ಎನ್ನುವ ಅಭ್ಯಾಸ ಹಳೆಯದು.

ಬಹಾದುರ್ ಶಹ ನರ್ಮದೆ ದಾಟಿ ಬಂದ. 1709ರ ಜನವರಿಯಲ್ಲಿ ಹೈದರಾಬಾದಿನ ಬಳಿ ಎರಡು ದಂಡೂ ಎದುರಾದಾಗ ಕಾಮಬಕ್ಷನ ಬೆನ್ನಿಗೆ ಉಳಿದಿದ್ದದ್ದು ಕೆಲವೇ ನೂರು ಸವಾರರು. ಗೆಲುವು ನಿನ್ನದೇ ಎಂದು ಜೋಯಿಸರು ಹೇಳಿದ್ದರಂತೆ. ಎದುರು ಪಡೆಯಲ್ಲಿ ಹದಿನಾರು ವರ್ಷದ ಹಿಂದೆ ಜಿಂಜಿಯಲ್ಲಿ ಅವನನ್ನು ಸೆರೆಹಿಡಿದಿದ್ದ ಅದೇ ಜುಲ್ಫಿಕಾರ್ ಖಾನ್ ಇದ್ದ. ಕಾಮಬಕ್ಷ ಓಡಲಿಲ್ಲ. ಆನೆಯ ಮೇಲೆ ಕುಳಿತು ಬಾಣ ಬಿಡುತ್ತಲೇ ಇದ್ದು, ಮೈತುಂಬ ಗಾಯವಾಗಿ ಪ್ರಜ್ಞೆ ತಪ್ಪಿದ ಮೇಲೆಯೇ ಸೆರೆಸಿಕ್ಕಿದ. ಅವನ ಕೊನೆಯ ಹೋರಾಟವನ್ನು ಹಗುರ ಮಾಡಿ ಹೇಳುವುದು ನ್ಯಾಯವಲ್ಲ. ಅಣ್ಣ ವೈದ್ಯರನ್ನು ಕಳಿಸಿದ. ತಾನೇ ಬಂದು ಪಕ್ಕದಲ್ಲಿ ಕುಳಿತು ತನ್ನ ಶಾಲನ್ನು ಹೊದಿಸಿದನೆಂದು ಹೇಳುತ್ತಾರೆ. ಮರುದಿನ ತಮ್ಮ ತೀರಿಕೊಂಡ. 42 ತುಂಬಿರಲಿಲ್ಲ. ಹೆಣವನ್ನು ದೆಹಲಿಗೆ ಒಯ್ದು ಹುಮಾಯೂನನ ಸಮಾಧಿಯ ಆವರಣದಲ್ಲಿ ಹೂಳಿದರು.

ಜುಲ್ಫಿಕಾರ್ ಖಾನ್ ದಖ್ಖನ್ನಿನ ಸುಬೇದಾರನಾದ; 1713ರಲ್ಲಿ ಫರುಖ್‌ಸಿಯರ್ ಬಾದಶಹ ಅವನ ಕುತ್ತಿಗೆ ಬಿಗಿಸಿ ಕೊಲ್ಲಿಸಿದ. ಐವತ್ತು ವರ್ಷಗಳ ನಂತರ, 1759ರ ಡಿಸೆಂಬರಿನಲ್ಲಿ, ಕಾಮಬಕ್ಷನ ಮೊಮ್ಮಗನೊಬ್ಬನನ್ನು ದೆಹಲಿಯ ವಜೀರ ಗಾದಿಯ ಮೇಲೆ ಕೂರಿಸಿದ. ಮೂರನೆಯ ಷಹಜಹಾನ್ ಎಂದು ಹೆಸರಿಟ್ಟರು. ಹತ್ತು ತಿಂಗಳಾದ ಮೇಲೆ ಮರಾಠರು ಇಳಿಸಿದರು.

ಬಿಜಾಪುರದ ಮಾತು ಉಳಿಯಿತು. ಅದು 1724ರಲ್ಲಿ ನಿಜಾಮನ ಪಾಲಾಯಿತು. 1760ರಲ್ಲಿ ನಿಜಾಮ ಅದನ್ನು ಪೇಶ್ವೆಗೆ ಬರೆದುಕೊಟ್ಟ. 1818ರಲ್ಲಿ ಪೇಶ್ವೆ ಬಿದ್ದಾಗ ಕಂಪೆನಿಯವರು ಸತಾರೆಯ ರಾಜನಿಗೆ ಕೊಟ್ಟರು. 1848ರಲ್ಲಿ ಅವನಿಗೆ ಔರಸ ಪುತ್ರನಿಲ್ಲವೆಂದು ಮರಳಿ ಕಿತ್ತುಕೊಂಡು ಮುಂಬಯಿಗೆ ಸೇರಿಸಿದರು. ನಮ್ಮ ಕೊಳ್ಳೇಗಾಲ ಕಾಮಬಕ್ಷನ ಕಾಲದಲ್ಲಿ ಶ್ರೀರಂಗಪಟ್ಟಣದ ಒಡೆಯರದು. 1799ರಲ್ಲಿ ಟೀಪು ಮಡಿದ ಮೇಲೆ ಕಂಪೆನಿಯ ಪಾಲಿಗೆ ಬಂದು ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಇಲ್ಲಿಯ ಅಜ್ಜಂದಿರು ಜಮೀನಿನ ದಾವೆಗೆ ಕೊಯಮತ್ತೂರಿಗೂ ಮದ್ರಾಸಿಗೂ ಅಲೆದವರು. ಬೇರೆ ಬೇರೆ ದಾರಿ ಹಿಡಿದ ಈ ಎರಡು ಊರುಗಳ ಬಗ್ಗೆ ಜನರನ್ನು ಕೇಳಿದ್ದು 1953ರ ಡಿಸೆಂಬರಿನಲ್ಲಿ ರಾಜ್ಯ ಪುನರ್‌ವಿಂಗಡಣಾ ಆಯೋಗ ನೇಮಕವಾದ ನಂತರ. ದೇಶದ ಎಲ್ಲ ಕಡೆಯಿಂದ ಅದಕ್ಕೆ ಬಂದ ಮನವಿ, ತಂತಿ, ಠರಾವುಗಳ ಸಂಖ್ಯೆ 1,52,250. ಅದರಲ್ಲಿ ಹೆಬ್ಬೆಟ್ಟೊತ್ತಿದವರೂ ಇದ್ದರು, ಅಂಗಡಿಯ ರಸೀತಿ ಪುಸ್ತಕ ಬದಿಗಿಟ್ಟು ಅರ್ಜಿ ಬರೆದವರೂ ಇದ್ದರು. 1956ರ ನವೆಂಬರ್ 1ರಂದು ಬಿಜಾಪುರ ಮುಂಬಯಿಯಿಂದ, ಗುಲ್ಬರ್ಗ ಹೈದರಾಬಾದಿನಿಂದ, ಕೊಳ್ಳೇಗಾಲ ಮದ್ರಾಸಿನಿಂದ, ಒಂದೇ ದಿನ ಒಂದೇ ರಾಜ್ಯಕ್ಕೆ ಬಂದು ಸೇರಿದವು.